ಬೆಳೆಯದ ಹತ್ತಿಗೆ ಬೆಲೆ

ಬೆಳೆ ಬೆಳೆದವನಿಗೆ ಹಣ ಬರುವುದು ಲೋಕದ ಪದ್ಧತಿ. ಬೆಳೆಯದೆ ಬಿಟ್ಟುದಕ್ಕಾಗಿ, ಅದಕ್ಕಿಂತಲೂ ಹೆಚ್ಚಾಗಿ, ಬೆಳೆದು ಕಾಯಿಗೆ ಬಂದುದನ್ನು ಉತ್ತು ಮಣ್ಣುಪಾಲು ಮಾಡಿದುದಕ್ಕಾಗಿ ಸರ್ಕಾರದ ಬೊಕ್ಕಸದಿಂದ ಚೆಕ್ಕು ಬರುವುದೆಂದರೆ ವಿಪರೀತವೆಂದು ಯಾರಿಗಾದರೂ ತೋರದೆ ಇರದು. 1933ರ ಬೇಸಗೆಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ನಡೆದದ್ದು ಇದೇ. ಒಂದು ಕೋಟಿಗೂ ಮೀರಿದ ಎಕರೆಗಳಲ್ಲಿ ನಿಂತಿದ್ದ ಹತ್ತಿಯ ಪೈರನ್ನು ರೈತರು ಸರ್ಕಾರದ ಅಪೇಕ್ಷೆಯಂತೆ ತಮ್ಮ ಕೈಯಾರೆ ಉತ್ತು ಹಾಕಿದರು. ಹತ್ತಿಯ ಸಾಲುಗಳ ನಡುವೆ ಮಾತ್ರ ನಡೆಯಬೇಕು, ಗಿಡವನ್ನು ತುಳಿಯಬಾರದು ಎಂದು ಮರಿಯಾಗಿದ್ದಾಗಿನಿಂದ ಪಳಗಿದ್ದ ಹೇಸರಗತ್ತೆಗಳು ಪೈರಿನ ಮೇಲೆ ಕಾಲಿಡಲು ಒಪ್ಪಲಿಲ್ಲವೆಂದು ಆ ಕಾಲದವರು ಹೇಳಿಕೊಂಡು ನಗುತ್ತಿದ್ದರು. ನಗುವಿನೊಳಗೆ ಸಂಕಟವೂ ಇದ್ದಿರಬೇಕು.

ಈ ವೈಪರೀತ್ಯಕ್ಕೆ ಕಾರಣವಿಲ್ಲದೆ ಇರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ವಿಚಾರಾರ್ಹವೆಂದು ನನಗೆ ಕಂಡಿರುವುದು ಇನ್ನೊಂದು ಪ್ರಶ್ನೆ. ರಾಜಧಾನಿಯಿಂದ ರೈತನಿಗಾಗಿ ಹೊರಟ ಹಣ ಹಳ್ಳಿಯನ್ನು ಮುಟ್ಟಿದಾಗ ಯಾರ ಕೈ ಸೇರಿತು? ರೈತನೆಂದರೆ ಯಾರು? ಜಮೀನು ಯಾರ ಹೆಸರಿನಲ್ಲಿದೆಯೋ ಅವನೇ, ಅಥವಾ ನೇಗಿಲ ಹಿಂದೆ ನಡೆಯುವವನೇ? ಇದನ್ನು ತಿಳಿಯಲು ಆ ವಿಶಾಲ ದೇಶವನ್ನೆಲ್ಲ ಸುತ್ತಬೇಕಾದ ಅಗತ್ಯವಿಲ್ಲ. ಒಂದು ಕೌಂಟಿಯನ್ನು ನೋಡಿದರೆ ಸಾಕು.

ಕೌಂಟಿಯೆಂಬುದು ಸುಮಾರಾಗಿ ನಮ್ಮ ತಾಲ್ಲೂಕಿನಂತಹ, ಕೆಲವೆಡೆ ಅದಕ್ಕಿಂತ ದೊಡ್ಡದಾದ ಒಂದು ಆಡಳಿತದ ಸೀಮೆ. ಅದಕ್ಕೊಂದು ಕಸಬೆ, ಕಸಬೆಯಲ್ಲೊಂದು ಕೋರ್ಟು, ಜನರೇ ಆರಿಸಿದ ಷೆರೀಫನೆಂಬ ಪೋಲೀಸು ಅಧಿಕಾರಿ, ಇಷ್ಟು ಸಾಮಾನ್ಯವಾಗಿ ಇರುತ್ತವೆ. ನಾನು ಆರಿಸಿಕೊಂಡಿರುವುದು ಅರ್ಕನ್ಸಾ ಸಂಸ್ಥಾನದ ಈಶಾನ್ಯ ಭಾಗದಲ್ಲಿರುವ ಪಾಯಿನ್‌ಸೆಟ್ ಕೌಂಟಿ. ಬೆಂಗಳೂರಿನ ತೋಟಗಳಲ್ಲಿ ಡಿಸೆಂಬರು ತಿಂಗಳಿನಲ್ಲಿ ಕೆಂಪು ಎಲೆಗಳಿಂದ ಬೆಳಗುವ ಪಾಯಿನ್‌ಸೆಟಿಯಾ ಗಿಡವನ್ನು ಕೇಳುಗರು ಕಂಡಿರಬಹುದು. ಯಾವ ರಾಜನೀತಿಜ್ಞನ ಹೆಸರು ಆ ಗಿಡಕ್ಕೆ ಬಂದಿತೋ ಅವನ ಹೆಸರೇ ಈ ಕೌಂಟಿಗೂ ಬಂದಿದೆ. ಹ್ಯಾರಿಸ್‌ಬರ್ಗ್ ಅದರ ಕಸಬೆ. 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 23,000. ನಮ್ಮ ಲೆಕ್ಕದಲ್ಲಿ ಒಂದು ಹೋಬಳಿಗೂ ಸಾಲದು. ಕೌಂಟಿಯ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ತಗ್ಗಾದ ದಿಣ್ಣೆಯ ಸಾಲು ಹಾದುಹೋಗುತ್ತದೆ. ಅದರ ಮೂಡಣ ಪಾರ್ಶ್ವವು ಸೇಂಟ್ ಫ್ರಾನ್ಸಿಸ್ ಹೊಳೆಯ ಬಯಲು. ಅದೆಲ್ಲ ಒಂದು ಕಾಲಕ್ಕೆ ಜೌಗು ಕಾಡು. ಮರದ ವ್ಯಾಪಾರಿಗಳು ಕಾಡನ್ನು ಕಡಿದರು. ಬಳಿಕ ಕಾಲುವೆಗಳನ್ನು ತೋಡಿ ನೀರನ್ನು ಬಸಿದರು. ಹಾಗೆ ಹೊರಬಿದ್ದ ಕಪ್ಪು ಮಣ್ಣಿನಲ್ಲಿ ಹತ್ತಿ ಎದ್ದಿತು.

ಹತ್ತಿಯನ್ನು ಬೆಳೆಯುತ್ತಿದ್ದವರು ಹೆಚ್ಚಾಗಿ ವಾರದ ಒಕ್ಕಲುಗಳು. ವಾರಕ್ಕೆ ಮಾಡುವುದು ನಮಗೆ ಹೊಸದಲ್ಲವಾದರೂ ಅಲ್ಲಿನ ಕಟ್ಟು ಸ್ವಲ್ಪ ಬೇರೆ. ನಮ್ಮ ವಾರದವನಿಗೆ ಎರಡು ಎತ್ತಾದರೂ ಇರುವುದುಂಟು. ಅಲ್ಲಿನ ವಾರದವನಿಗೆ ತನ್ನ ಕೈಯೂ ಹೆಂಡತಿ ಮಕ್ಕಳ ಕೈಯೂ ಅಲ್ಲದೆ ಬೇರೆ ಬಂಡವಾಳವಿಲ್ಲ. ನೆಲ, ಹೇಸರಗತ್ತೆ, ನೇಗಿಲು, ಬೀಜ, ಇರಲು ಎರಡು ಕೋಣೆಯ ಹಲಗೆ ಮನೆ, ಎಲ್ಲವೂ ಒಡೆಯನವು. ಬೆಳೆಯಲ್ಲಿ ಅರ್ಧ ಒಡೆಯನಿಗೆ, ಅರ್ಧ ಒಕ್ಕಲಿಗೆ. ಆದರೆ ಬಿತ್ತನೆಯಿಂದ ಬಿಡಿಸುವವರೆಗಿನ ತಿಂಗಳುಗಳಲ್ಲಿ ಒಕ್ಕಲು ಊಟ ಮಾಡಬೇಕಷ್ಟೆ? ಆ ಹಿಟ್ಟು, ಉಪ್ಪುಮಾಂಸ, ಬಟ್ಟೆ ಇವು ಒಡೆಯನ ಅಂಗಡಿಯಿಂದ ಸಾಲವಾಗಿ ಬರುತ್ತಿದ್ದುವು. ಅಂಗಡಿಯ ಪುಸ್ತಕ ಒಡೆಯನ ಕೈಯಲ್ಲಿ. ವರ್ಷದ ಕೊನೆಗೆ ಲೆಕ್ಕ ತೀರಿಸುವ ದಿನ ಆ ಪುಸ್ತಕ ಏನು ಹೇಳಿದರೆ ಅದೇ ನಿಜ. ಬಹುಮಂದಿಗೆ ತಮ್ಮ ಅರ್ಧದಲ್ಲಿ ಉಳಿಯುತ್ತಿದ್ದುದು ಮುಂದಿನ ವರ್ಷಕ್ಕೆ ಸಾಗಿದ ಸಾಲವೊಂದೇ. ಈ ಸ್ಥಿತಿಯಲ್ಲಿ ಕರಿಯರೂ ಇದ್ದರು, ಬಿಳಿಯರೂ ಇದ್ದರು. ಪಾಯಿನ್‌ಸೆಟ್ಟಿನ ಕಥೆಯಲ್ಲಿ ಇದು ಮುಖ್ಯವಾದ ಸಂಗತಿ.

1929ರಲ್ಲಿ ಹತ್ತಿಯ ಬೆಲೆ ಪೌಂಡಿಗೆ ಸುಮಾರು 17 ಸೆಂಟು ಇದ್ದಿತು. ಎರಡು ವರ್ಷಗಳೊಳಗೆ ಅದು 6 ಸೆಂಟಿಗಿಂತ ಕೆಳಕ್ಕೆ ಇಳಿಯಿತು. ಬೆಲೆ ಬಿದ್ದಷ್ಟೂ ರೈತನು ಸಾಲ ತೀರಿಸುವ ಆತುರದಲ್ಲಿ ಇನ್ನಷ್ಟು ಬೆಳೆಯುವನು. ಇನ್ನಷ್ಟು ಬೆಳೆದಂತೆ ಬೆಲೆ ಇನ್ನಷ್ಟು ಬೀಳುವುದು. ಈ ಸುಳಿಯನ್ನು ಯಾವನೊಬ್ಬ ರೈತನೂ ತಾನಾಗಿ ನಿಲ್ಲಿಸಲಾರ. ಎಲ್ಲರೂ ಒಟ್ಟಿಗೆ ಕಡಿಮೆ ಬೆಳೆದರೆ ಮಾತ್ರ ನಿಲ್ಲುವುದು. ಎಲ್ಲರನ್ನೂ ಒಟ್ಟುಗೂಡಿಸುವ ಶಕ್ತಿ ಸರ್ಕಾರಕ್ಕೆ ಮಾತ್ರ ಉಂಟು. ಅಧ್ಯಕ್ಷ ರೂಸ್‌ವೆಲ್ಟರು 1933ರ ಮೇ 12ರಂದು ಸಹಿ ಹಾಕಿದ ಕೃಷಿ ಹೊಂದಾಣಿಕೆಯ ಶಾಸನದ ತರ್ಕ ಇದು. ಕೃಷಿ ಮಂತ್ರಿ ಹೆನ್ರಿ ವ್ಯಾಲೆಸರ ಇಲಾಖೆಯು ಬೆಳೆಯನ್ನು ತಗ್ಗಿಸಲೊಪ್ಪಿದ ರೈತನೊಡನೆ ಕರಾರು ಮಾಡಿಕೊಂಡು ಅವನಿಗೆ ಹಣ ಕೊಡುವುದು. ಆ ಹಣವು ಹತ್ತಿಯನ್ನು ನೂಲುವ, ಗೋಧಿಯನ್ನು ಬೀಸುವ ಕಾರ್ಖಾನೆದಾರರ ಮೇಲೆ ಹಾಕಿದ ತೆರಿಗೆಯಿಂದ ಹುಟ್ಟಬೇಕು. ಶಾಸನವು ಬರುವ ವೇಳೆಗೆ ಹತ್ತಿಯ ಬಿತ್ತನೆ ಆಗಲೇ ಮುಗಿದಿದ್ದುದರಿಂದ ಮೊದಲ ವರ್ಷ ನಿಂತ ಪೈರನ್ನೇ ಉಳಬೇಕಾಯಿತು. ಹೊಲದ ಇಳುವರಿಯನ್ನು ನೋಡಿ ಎಕರೆಗೆ 7ರಿಂದ 20 ಡಾಲರುಗಳವರೆಗೆ ಕೊಟ್ಟರು.

ಆ ವರ್ಷದ ಚೆಕ್ಕುಗಳು ಬಹುಮಟ್ಟಿಗೆ ಒಡೆಯರ ಕೈಗೇ ಬಂದುವು. ಒಕ್ಕಲಿನ ಪಾಲನ್ನು ಒಡೆಯನು ಕೊಡಬೇಕು. ಕೊಡುವ ಮುನ್ನ ಅಂಗಡಿಯ ಪುಸ್ತಕವನ್ನು ತೆರೆದು ಹಳೆಯ ಬಾಕಿಯನ್ನು ಮುರಿದುಕೊಂಡವರು ಅನೇಕರು. ಆದರೂ ಇದು ಒಂದು ವರ್ಷದ ಅವಸರದ ಏರ್ಪಾಡು. ನಿಜವಾದ ಲೆಕ್ಕ ಕಾಣುವುದು 1934 ಮತ್ತು 1935ರ ಕರಾರಿನಲ್ಲಿ. ಅದನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು.

ಕರಾರಿನಂತೆ ಒಡೆಯನು ತನ್ನ ಹತ್ತಿಯ ನೆಲದಲ್ಲಿ ಸುಮಾರು ನೂರಕ್ಕೆ ನಾಲ್ವತ್ತು ಪಾಲನ್ನು ಸರ್ಕಾರಕ್ಕೆ ಗೇಣಿಗೆ ಕೊಟ್ಟಂತೆ. ಸರ್ಕಾರವು ಅದನ್ನು ಬೀಳು ಬಿಟ್ಟಂತೆ. ಆ ನೆಲದಲ್ಲಿ ಬೆಳೆಯಬಹುದಾಗಿದ್ದ ಪ್ರತಿಯೊಂದು ಪೌಂಡು ಹತ್ತಿಗೂ ಮೂರೂವರೆ ಸೆಂಟು ಗೇಣಿ. ಇದಲ್ಲದೆ, ಹೊಲದ ಒಟ್ಟು ವಾಡಿಕೆಯ ಬೆಳೆಯಲ್ಲಿ ನೂರಕ್ಕೆ ನಾಲ್ವತ್ತು ಪಾಲಿನ ಮೇಲೆ ಪೌಂಡಿಗೆ ಒಂದು ಸೆಂಟಿನಂತೆ ಇನ್ನೊಂದು ಹಣ. ಮೊದಲನೆಯದು ನೆಲದ ಬಾಡಿಗೆಯಾದುದರಿಂದ ಅದರಲ್ಲಿ ವಾರದ ಒಕ್ಕಲಿಗೆ ಪಾಲಿಲ್ಲವೆಂದು ಬರೆದಿದ್ದರು. ಎರಡನೆಯದು ಬೆಳೆಗೆ ಸೇರಿದ್ದಾದುದರಿಂದ ಅದು ಅರ್ಧ ಅರ್ಧ. ಅಂದರೆ ಬೆಳೆಯದೆ ಬಿಟ್ಟ ಒಂದು ಪೌಂಡಿಗೆ ನಾಲ್ಕೂವರೆ ಸೆಂಟು ಬಂದರೆ ನಾಲ್ಕು ಒಡೆಯನಿಗೆ, ಅರ್ಧ ಒಕ್ಕಲಿಗೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಎಕರೆಗೆ 200 ಪೌಂಡು ಬೆಳೆಯುವ 20 ಎಕರೆ ಹೊಲವನ್ನು ಒಂದು ಸಂಸಾರ ವಾರಕ್ಕೆ ಮಾಡುತ್ತಿದೆಯೆಂದು ಇಟ್ಟುಕೊಳ್ಳೋಣ. 8 ಎಕರೆ ಬೀಳು ಬಿದ್ದಿತು. ಅದರ 1,600 ಪೌಂಡಿಗೆ ಗೇಣಿ 56 ಡಾಲರು. ಎರಡನೆಯ ಹಣ 16 ಡಾಲರು. ಒಟ್ಟು 72 ಡಾಲರುಗಳಲ್ಲಿ ಒಡೆಯನಿಗೆ 64, ಒಕ್ಕಲಿಗೆ 8.

ಇಷ್ಟಕ್ಕೇ ಒಕ್ಕಲು ಹಾಳಾದನೆಂದು ಹೇಳಿದರೆ ನ್ಯಾಯವಾಗದು. ಬೆಲೆ ನಿಜವಾಗಿಯೂ ಏರಿತು. 1934ರಲ್ಲಿ ಅದು 12 ಸೆಂಟಿಗೆ ಮುಟ್ಟಿತು. ಮೇಲಿನ ಸಂಸಾರಕ್ಕೆ ಮೊದಲು 20 ಎಕರೆಯ ಅರ್ಧ ಬೆಳೆಯನ್ನು 6 ಸೆಂಟಿನಂತೆ ಮಾರಿದರೆ 120 ಡಾಲರು. ಈಗ 12 ಎಕರೆಯ ಅರ್ಧವನ್ನು 12 ಸೆಂಟಿನಂತೆ ಮಾರಿದರೆ 144, ಮೇಲೆ ಸರ್ಕಾರದ 8. ಹಾಗಾದರೆ ಅವನು ಮೇಲಾದನಲ್ಲವೇ? ಹೌದು, ಹೊಲದಲ್ಲಿ ಉಳಿದುಕೊಂಡಿದ್ದರೆ. ತೊಡಕು ಇರುವುದು ಈ ಮಾತಿನಲ್ಲಿಯೇ. ಹತ್ತು ಸಂಸಾರಗಳು ಮಾಡುತ್ತಿದ್ದ ಹೊಲದಲ್ಲಿ ನಾಲ್ವತ್ತು ಪಾಲು ಬೀಳು ಬಿದ್ದ ಮೇಲೆ ಆರು ಸಂಸಾರಗಳು ಸಾಕು. ಉಳಿದ ನಾಲ್ಕಕ್ಕೆ ಅಂಗಡಿಯಿಂದ ಹಿಟ್ಟು ಕೊಟ್ಟು ಏಕೆ ಸಾಕಬೇಕು? ಆರನ್ನೂ ವಾರಕ್ಕೆ ಇಡದೆ ದಿನಗೂಲಿಗೆ ಇಟ್ಟುಕೊಂಡರೆ ಆ ಎಂಟು ಡಾಲರೂ ಒಡೆಯನದೇ, ಏರಿದ ಬೆಲೆಯ ಅರ್ಧವೂ ಒಡೆಯನದೇ. ಒಡೆಯನು ದುಷ್ಟನಾಗಿರಬೇಕಾದ ಆವಶ್ಯಕತೆಯಿಲ್ಲ. ಕೂಡುವುದು ಕಳೆಯುವುದು ಬಂದರೆ ಸಾಕು. ಸರ್ಕಾರದ ಕರಾರೇ ಅವನ ಕೈಗೆ ಆ ಲೆಕ್ಕವನ್ನು ಬರೆದುಕೊಟ್ಟಿದ್ದಿತು.

ಕರಾರು ಬರೆದವರು ಇದನ್ನು ಕಾಣದೆ ಇರಲಿಲ್ಲ. ಅದರ ಏಳನೆಯ ಕಲಮಿನಲ್ಲಿ ಒಡೆಯನು ಸಾಧ್ಯವಾದಮಟ್ಟಿಗೆ ಒಕ್ಕಲುಗಳ ವಾಡಿಕೆಯ ಸಂಖ್ಯೆಯನ್ನು ಉಳಿಸಿಕೊಳ್ಳಬೇಕೆಂದೂ, ಅವರು ತಮ್ಮ ಮನೆಗಳಲ್ಲಿ ಬಾಡಿಗೆಯಿಲ್ಲದೆ ಇರಲು ಬಿಡಬೇಕೆಂದೂ ಸೇರಿಸಿದ್ದರು. ಒಕ್ಕಲು ಉಪದ್ರವಕಾರಿಯಾದರೆ ಮಾತ್ರ ಹೊರಗೆ ಹಾಕಬಹುದು. "ಸಾಧ್ಯವಾದಮಟ್ಟಿಗೆ" ಎಂಬ ಮಾತಿಗೆ ಎಷ್ಟು ಅಗಲದ ಬಾಗಿಲು ಎಂಬುದನ್ನು ವಕೀಲರಿಗೆ ಹೇಳಬೇಕಾಗಿಲ್ಲ. ಉಪದ್ರವಕಾರಿಯೆಂದು ತೀರ್ಮಾನಿಸುವವರು ಯಾರು? ದೂರು ಬಂದರೆ ಅದು ಕೌಂಟಿಯ ಕಮಿಟಿಗೆ ಹೋಗಬೇಕು. ಕೌಂಟಿಯ ಕಮಿಟಿಯೆಂದರೆ ಆಯಾ ಸೀಮೆಯ ರೈತರೇ ಸೇರಿ ಹೊಲಗಳ ಅಳತೆಯನ್ನೂ ಇಳುವರಿಯನ್ನೂ ಪರೀಕ್ಷಿಸಿ ಕರಾರುಗಳನ್ನು ನಡೆಸುವ ಸಣ್ಣ ಸಭೆ. ದೂರದ ವಾಷಿಂಗ್ಟನ್ನಿನ ಗುಮಾಸ್ತನಿಗಿಂತ ನೆರೆಯವನು ನೆರೆಯವನ ಹೊಲವನ್ನು ಬಲ್ಲನೆಂಬ ಭಾವನೆಯಿಂದ ಇದು ಹುಟ್ಟಿತು, ಭಾವನೆಯೇನೋ ಉತ್ತಮವಾದುದೇ. ಆದರೆ ಹತ್ತಿಯ ಸೀಮೆಯಲ್ಲಿ ಕರಾರಿಗೆ ಸಹಿ ಹಾಕಿದವರು ಒಡೆಯರು, ಕಮಿಟಿಯಲ್ಲಿ ಕುಳಿತವರೂ ಒಡೆಯರು. ಒಕ್ಕಲು ತನ್ನ ಒಡೆಯನ ಮೇಲಿನ ದೂರನ್ನು ಆ ಒಡೆಯನ ಸ್ನೇಹಿತರ ಮುಂದೆ ಇಡಬೇಕಾಗಿದ್ದಿತು.

1934ರಲ್ಲಿ ಪಾಯಿನ್‌ಸೆಟ್ ಕೌಂಟಿಯ ಟೈರೊನ್ಜಾ ಎಂಬ ಸಣ್ಣ ಊರಿನ ಬಳಿ ಒಬ್ಬ ದೊಡ್ಡ ಹಿಡುವಳಿದಾರನು 23 ಸಂಸಾರಗಳನ್ನು ಎಬ್ಬಿಸಿದನು. ಆ ಊರಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯಿಟ್ಟುಕೊಂಡಿದ್ದ ಎಚ್. ಎಲ್. ಮಿಚೆಲ್ ಎಂಬಾತನೂ, ಪೆಟ್ರೋಲು ಅಂಗಡಿಯಿಟ್ಟುಕೊಂಡಿದ್ದ ಕ್ಲೇ ಈಸ್ಟ್ ಎಂಬಾತನೂ ಗೆಳೆಯರು; ಇಬ್ಬರೂ ಸಮಾಜವಾದಿಗಳು. ಜುಲೈ ತಿಂಗಳಿನಲ್ಲಿ ಊರ ಹೊರಗಿನ ಒಂದು ಸ್ಕೂಲಿನ ಕಟ್ಟಡದಲ್ಲಿ 11 ಮಂದಿ ಬಿಳಿಯರೂ 7 ಮಂದಿ ಕರಿಯರೂ ಸೇರಿದರು. ಎರಡು ಸಂಘ ಬೇಕೆ, ಒಂದು ಸಂಘ ಬೇಕೆ ಎಂಬ ಮಾತು ಬಂದಿತು. 1919ರಲ್ಲಿ ಅದೇ ಸಂಸ್ಥಾನದ ಇಲೇನ್ ಎಂಬಲ್ಲಿ ಕರಿಯ ಒಕ್ಕಲುಗಳು ಪ್ರತ್ಯೇಕವಾಗಿ ಸಂಘ ಕಟ್ಟಿ ಅದಕ್ಕಾಗಿ ರಕ್ತ ಸುರಿಸಬೇಕಾಗಿ ಬಂದುದನ್ನು ಬಲ್ಲ ಒಬ್ಬ ಮುದುಕನು ಎದ್ದು, ಇಬ್ಬರೂ ಕೂಡಿದರೇ ಉಳಿವು ಎಂಬರ್ಥದ ಮಾತನ್ನು ಹೇಳಿದನಂತೆ. ಒಂದೇ ಸಂಘವಾಯಿತು. ಅದರ ಹೆಸರು ದಕ್ಷಿಣದ ಒಕ್ಕಲು ರೈತರ ಸಂಘ. ಬಿಳಿಯರೂ ಕರಿಯರೂ ಒಂದೇ ಬೆಂಚಿನ ಮೇಲೆ ಕೂರುವುದು ಅಪರಾಧದಂತಿದ್ದ ಕಾಲ ದೇಶಗಳಲ್ಲಿ ಇದು ಸಾಮಾನ್ಯವಾದ ಧೈರ್ಯವಲ್ಲ.

ಸಂಘಕ್ಕೆ ಸೇರಿದವರನ್ನು ಇನ್ನಷ್ಟು ಎಬ್ಬಿಸಿದರು. ಎಬ್ಬಿಸಿದುದರ ವಿರುದ್ಧ ಹೂಡಿದ ದಾವೆ ಅರ್ಕನ್ಸಾದ ಕೋರ್ಟುಗಳಲ್ಲಿ ನಿಲ್ಲಲಿಲ್ಲ. ಸಂಘದ ಪರವಾಗಿ ಮಾತನಾಡಲು 1935ರ ಮಾರ್ಚಿಯಲ್ಲಿ ಬಂದ ಸಮಾಜವಾದಿ ಮುಖಂಡ ನಾರ್ಮನ್ ಥಾಮಸರನ್ನು ನೆರೆಯ ಕೌಂಟಿಯಲ್ಲಿ ವೇದಿಕೆಯಿಂದ ಬಲವಂತವಾಗಿ ಇಳಿಸಿ ಗಡಿಯಿಂದಾಚೆಗೆ ಅಟ್ಟಿದರು. ಸಂಘದ ಕಛೇರಿಯು ಜೀವಭಯದಿಂದ ಹೊಳೆಯಾಚೆಯ ಮೆಂಫಿಸ್ ಪಟ್ಟಣಕ್ಕೆ ಹೋಗಬೇಕಾಯಿತು.

ಪಾಯಿನ್‌ಸೆಟ್ಟಿನ ಈ ಗಲಭೆ ವಾಷಿಂಗ್ಟನ್ನಿನ ಕಛೇರಿಯನ್ನೇ ಎರಡಾಗಿ ಸೀಳಿತು. ಕೃಷಿ ಹೊಂದಾಣಿಕೆಯ ಆಡಳಿತದಲ್ಲಿ ಜೆರೋಮ್ ಫ್ರಾಂಕ್ ಎಂಬವರ ಕೈಕೆಳಗಿದ್ದ ಕಾನೂನು ವಿಭಾಗದ ತರುಣ ವಕೀಲರು ಏಳನೆಯ ಕಲಮಿಗೆ ಹೊಸ ಅರ್ಥವನ್ನು ಕೊಟ್ಟರು. ಒಕ್ಕಲುಗಳ ಸಂಖ್ಯೆಯನ್ನು ಮಾತ್ರವಲ್ಲದೆ ಅದೇ ಒಕ್ಕಲುಗಳನ್ನೇ ಒಡೆಯನು ಉಳಿಸಿಕೊಳ್ಳಬೇಕೆಂಬುದು ಆ ಅರ್ಥ. ಮುಖ್ಯಾಧಿಕಾರಿ ಚೆಸ್ಟರ್ ಡೇವಿಸರು ಊರಿನಲ್ಲಿಲ್ಲದ ಸಮಯದಲ್ಲಿ ಆ ಆಜ್ಞೆ ಹೊರಟಿತು. ಡೇವಿಸರು ಹಿಂದಿರುಗಿದರು, ಆಜ್ಞೆಯನ್ನು ರದ್ದು ಮಾಡಿದರು, ವ್ಯಾಲೆಸರ ಒಪ್ಪಿಗೆ ಪಡೆದು 1935ರ ಫೆಬ್ರವರಿ 5ರಂದು ಫ್ರಾಂಕರನ್ನೂ ಅವರ ಜತೆಗಾರರು ಕೆಲವರನ್ನೂ ಕೆಲಸದಿಂದ ತೆಗೆದರು. ಅರ್ಕನ್ಸಾಕ್ಕೆ ವಿಚಾರಣೆಗೆಂದು ಕಳುಹಿಸಿದ್ದ ಮೇರಿ ಕಾನರ್ ಮೈಯರ್ಸ್ ಎಂಬ ವಕೀಲೆಯ ವರದಿಯನ್ನು ಬೆಳಕಿಗೇ ತರಲಿಲ್ಲ. ಡೇವಿಸರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ: ಈ ಶಾಸನದ ಗುರಿ ಬೆಲೆ, ದಕ್ಷಿಣದ ಸಮಾಜವನ್ನು ತಿದ್ದ ಹೊರಟರೆ ಆ ಭಾಗದ ಸೆನೆಟರುಗಳು ಶಾಸನವನ್ನೇ ಮುರಿದು ಹಾಕಿಯಾರು. ರಾಜಕೀಯವಾಗಿ ಇದು ವಿವೇಕವೇ ಇರಬಹುದು. ಆದರೆ ಆ ವಿವೇಕದ ಬೆಲೆಯನ್ನು ತೆತ್ತವರು ಟೈರೊನ್ಜಾದ ದಾರಿಯ ಮೇಲೆ ಗಂಟುಮೂಟೆ ಹೊತ್ತು ನಿಂತವರು.

1936ರ ಜನವರಿ 6ರಂದು ಸುಪ್ರೀಂ ಕೋರ್ಟು ಮೂವರ ವಿರುದ್ಧ ಆರು ಮತಗಳಿಂದ ಶಾಸನವನ್ನು ಅಸಿಂಧುವೆಂದಿತು. ಎರಡು ತಿಂಗಳೊಳಗೆ ಸರ್ಕಾರವು ಭೂಸಾರ ರಕ್ಷಣೆಯ ಹೆಸರಿನಲ್ಲಿ ಬೇರೊಂದು ಶಾಸನವನ್ನು ತಂದು ಹಣ ಕೊಡುವುದನ್ನು ಮುಂದುವರಿಸಿತು. ಹಿಂದಿನ ದೂರುಗಳನ್ನು ನೆನೆದು ಈ ಬಾರಿ ಒಕ್ಕಲಿನ ಪಾಲನ್ನು ಹೆಚ್ಚಿಸಿದರು. ಅವನ ಚೆಕ್ಕನ್ನು ಅವನ ಹೆಸರಿಗೇ ಬರೆದರು. 1938ರ ಶಾಸನದಲ್ಲಿ, ಒಕ್ಕಲುಗಳನ್ನು ಕಡಿಮೆ ಮಾಡಿದ ಕಾರಣದಿಂದ ಒಡೆಯನ ಹಣ ಹೆಚ್ಚಾಗಕೂಡದೆಂದೂ ಬರೆದರು. ನೋಡಲು ಇದು ನ್ಯಾಯದ ಏರ್ಪಾಡು. ಆದರೆ ಪಾಲು ಕೊಡಬೇಕಾದುದು ಒಕ್ಕಲಿಗೆ, ಕೂಲಿಯವನಿಗಲ್ಲ. ಒಕ್ಕಲಿನ ಪಾಲು ಹೆಚ್ಚಾದಷ್ಟೂ ಅವನನ್ನು ಕೂಲಿಯವನಾಗಿ ಮಾಡುವ ಆಸೆಯೂ ಹೆಚ್ಚಾಯಿತು. ಅದೇ ಹೊತ್ತಿಗೆ ಟ್ರಾಕ್ಟರು ಬಂದಿತು. ಅದನ್ನು ಕೊಳ್ಳಲು ಬೇಕಾದ ರೊಕ್ಕ ಸರ್ಕಾರದ ಚೆಕ್ಕಿನ ರೂಪದಲ್ಲಿ ಒಡೆಯನ ಜೇಬಿನಲ್ಲಿದ್ದಿತು. 1930ರಲ್ಲಿ ದಕ್ಷಿಣದ ಸಂಸ್ಥಾನಗಳಲ್ಲಿ ಸುಮಾರು 7,76,000 ಇದ್ದ ವಾರದ ಒಕ್ಕಲುಗಳ ಸಂಖ್ಯೆ 1940ಕ್ಕೆ 5,41,000ಕ್ಕೆ ಇಳಿಯಿತು. ಇದೆಲ್ಲವೂ ಸಹಾಯಧನದ ಫಲವೆನ್ನಲಾಗದು. ಯಂತ್ರವೂ, ಪಟ್ಟಣದ ಕಾರ್ಖಾನೆಯೂ, ಬರಗಾಲವೂ ಸೇರಿದ್ದುವು. ಸಹಾಯಧನವು ಆ ಪ್ರವಾಹಕ್ಕೆ ಅಡ್ಡಗಟ್ಟೆಯಾಗದೆ ತೋಡಿಕೊಟ್ಟ ಕಾಲುವೆಯಾಯಿತು ಎಂಬುದರಲ್ಲಿ ಮಾತ್ರ ನನಗೆ ಸಂದೇಹವಿಲ್ಲ.

ಅಂದಿನಿಂದ ಇಂದಿಗೆ ತೊಂಬತ್ತು ವರ್ಷಗಳು ಕಳೆದಿವೆ. ಪಾಯಿನ್‌ಸೆಟ್ಟಿನಲ್ಲಿ ಈಗ ಹತ್ತಿಗಿಂತ ಬತ್ತ ಮತ್ತು ಸೋಯಾ ಅವರೆ ಹೆಚ್ಚು. ಸಂಯುಕ್ತ ಸಂಸ್ಥಾನಗಳ ಬತ್ತದಲ್ಲಿ ಸುಮಾರು ಅರ್ಧ ಅರ್ಕನ್ಸಾದ್ದು, ಅರ್ಕನ್ಸಾದ ಬತ್ತದ ಕೌಂಟಿಗಳಲ್ಲಿ ಪಾಯಿನ್‌ಸೆಟ್ ಮುಂದಿನ ಸಾಲಿನದು. ವಾರದ ಒಕ್ಕಲು ಮಾಯವಾಗಿದ್ದಾನೆ. ಸಾವಿರಾರು ಎಕರೆಯನ್ನು ಯಂತ್ರಗಳಿಂದ ಸಾಗುವಳಿ ಮಾಡುವವರು, ಅದರಲ್ಲಿ ಬಹುಪಾಲು ನೆಲವನ್ನು ಇತರರಿಂದ ಗೇಣಿಗೆ ಹಿಡಿದವರು, ಈಗಿನ ರೈತರು. ಸಹಾಯಧನ ನಿಂತಿಲ್ಲ. ಅದರ ಲೆಕ್ಕದ ರೀತಿ ಮಾತ್ರ ಬದಲಾಗಿದೆ.

ಈಗಿನ ಲೆಕ್ಕದ ತಿರುಳು "ಆಧಾರದ ಎಕರೆ" ಎಂಬುದು. ಒಂದು ಹೊಲದಲ್ಲಿ ಹಿಂದೆ ಗೊತ್ತಾದ ವರ್ಷಗಳಲ್ಲಿ ಇಷ್ಟು ಎಕರೆ ಬತ್ತ, ಇಷ್ಟು ಎಕರೆ ಗೋಧಿ ಬೆಳೆದಿದ್ದರೆಂದು ದಾಖಲೆಯಲ್ಲಿ ಬರೆದಿಡುತ್ತಾರೆ. ಆ ಎಕರೆಗಳು ನೆಲಕ್ಕೆ ಅಂಟಿಕೊಂಡಿರುತ್ತವೆ. ನೆಲವನ್ನು ಮಾರಿದರೆ ಅವೂ ಜತೆಯಲ್ಲಿ ಹೋಗುತ್ತವೆ. ಪೇಟೆಯ ಬೆಲೆ ಶಾಸನವು ಗೊತ್ತುಮಾಡಿದ ಬೆಲೆಗಿಂತ ಕಡಿಮೆಯಾದ ವರ್ಷ, ಕೊರತೆಯಾದಷ್ಟನ್ನು ಆಧಾರದ ಎಕರೆಗಳಲ್ಲಿ ನೂರಕ್ಕೆ 85ರ ಮೇಲೆ, ದಾಖಲೆಯ ಇಳುವರಿಯಿಂದ ಗುಣಿಸಿ ಕೊಡುತ್ತಾರೆ. 2014ರ ಮತ್ತು 2018ರ ಶಾಸನಗಳಲ್ಲಿ ಉದ್ದಕಾಳಿನ ಬತ್ತಕ್ಕೆ ಗೊತ್ತುಮಾಡಿದ ಬೆಲೆ ನೂರು ಪೌಂಡಿಗೆ 14 ಡಾಲರು. 2025ರ ಶಾಸನ ಅದನ್ನು 16 ಡಾಲರು 90 ಸೆಂಟಿಗೆ ಏರಿಸಿತು. ಬೆಲೆ 14 ಎಂದೂ, ಪೇಟೆಯಲ್ಲಿ 12 ಬಂದಿತೆಂದೂ, ದಾಖಲೆಯ ಇಳುವರಿ ಎಕರೆಗೆ ನೂರು ಪೌಂಡಿನ 60 ಮೂಟೆಯೆಂದೂ ಇಟ್ಟುಕೊಂಡರೆ 100 ಎಕರೆ ಆಧಾರಕ್ಕೆ 10,200 ಡಾಲರು ಬರುವುದು. ಆ ವರ್ಷ ಆ ನೆಲದಲ್ಲಿ ಬತ್ತವನ್ನೇ ಬೆಳೆದಿರಬೇಕೆಂಬುದಿಲ್ಲ. ಸೋಯಾ ಹಾಕಿದ್ದರೂ ಬತ್ತದ ಹಣವೇ. ಇದಕ್ಕೊಂದು ಸಮರ್ಥನೆಯುಂಟು: ಬೆಳೆಗೆ ಹಣ ಕಟ್ಟಿದರೆ ರೈತನು ಪೇಟೆಯನ್ನು ನೋಡದೆ ಹಣವನ್ನು ನೋಡಿ ಬಿತ್ತುತ್ತಾನೆ; ನೆಲಕ್ಕೆ ಕಟ್ಟಿದರೆ ಅವನ ಬುದ್ಧಿ ಸ್ವತಂತ್ರವಾಗಿರುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ಮೆಚ್ಚುತ್ತಾರೆ.

ನೆಲಕ್ಕೆ ಕಟ್ಟಿದ ಹಣವು ನೆಲದ ಒಡೆಯನ ಕಡೆಗೆ ಜಾರುತ್ತದೆಂಬುದು ಮಾತ್ರ 1934ರಂತೆ ಇಂದಿಗೂ ನಿಜ. ನಿಯಮದಂತೆ, ರೊಕ್ಕದ ಗೇಣಿಗೆ ನೆಲ ಹಿಡಿದವನಿಗೆ ಸಹಾಯಧನ ಪೂರ್ತಿ ಸಲ್ಲಬೇಕು; ಬೆಳೆಯಲ್ಲಿ ಪಾಲಾದರೆ ಹಣದಲ್ಲಿಯೂ ಪಾಲು. ಆದರೆ ಹಣ ಬರುವುದು ಒಡೆಯನಿಗೂ ಗೊತ್ತು. ಮುಂದಿನ ವರ್ಷದ ಗೇಣಿಯನ್ನು ಅವನು ಏರಿಸಬಹುದು. 2009ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಸಂಶೋಧನೆಯ ಪ್ರಕಾರ ಹೀಗೆ ಜಾರುವುದು ಡಾಲರಿಗೆ ಸುಮಾರು ಕಾಲು ಪಾಲು. ಹಿಂದೆ ಕೆಲವರು ಭಾವಿಸಿದ್ದಷ್ಟು ಹೆಚ್ಚಲ್ಲ, ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯೂ ಅಲ್ಲ. 1996ರಿಂದ 2014ರವರೆಗೆ ಬೆಲೆ ಏರಲಿ ಇಳಿಯಲಿ ಆಧಾರದ ಎಕರೆಗೆ ನಿಶ್ಚಿತವಾದ ಹಣ ಕೊಡುವ ಏರ್ಪಾಡಿದ್ದಿತು. ಆಗ ವಿನೋದವಾದ ಸಂಗತಿಗಳೂ ನಡೆದುವು. ಟೆಕ್ಸಸ್ಸಿನಲ್ಲಿ ಹಿಂದೆ ಬತ್ತದ ಗದ್ದೆಯಾಗಿದ್ದ ನೆಲವನ್ನು ಮನೆಯ ನಿವೇಶನಗಳಾಗಿ ಮಾರಿದರು. ಅಲ್ಲಿ ಮನೆ ಕಟ್ಟಿದವರಲ್ಲಿ ಬತ್ತದ ಗಿಡವನ್ನು ಕಾಣದವರಿಗೂ ಹಿತ್ತಿಲಿನ ಆಧಾರದ ಎಕರೆಗಾಗಿ ಸರ್ಕಾರದ ಚೆಕ್ಕು ಬಂದಿತು. 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯು ಲೆಕ್ಕ ಹಾಕಿ, ಬೇಸಾಯವನ್ನೇ ಮಾಡದವರಿಗೆ 2000ದಿಂದ ಈಚೆಗೆ 130 ಕೋಟಿ ಡಾಲರು ಸಂದಿದೆಯೆಂದು ಪ್ರಕಟಿಸಿತು.

ಒಬ್ಬರಿಗೆ ಇಷ್ಟಕ್ಕಿಂತ ಹೆಚ್ಚು ಕೂಡದೆಂಬ ಮಿತಿಯೂ 1970ರ ಶಾಸನದಿಂದ ಉಂಟು. 2014ರಿಂದ ಅದು ವರ್ಷಕ್ಕೆ 1,25,000 ಡಾಲರು ಇದ್ದಿತು. 2025ರಲ್ಲಿ 1,55,000ಕ್ಕೆ ಏರಿತು. ಮಿತಿಯಿದ್ದಲ್ಲಿ ಒಬ್ಬನು ಹಲವರಾಗುವನು. ಒಂದೇ ಹಿಡುವಳಿಯು ಪಾಲುದಾರಿಕೆಗಳೂ ಕಂಪೆನಿಗಳೂ ಆಗಿ ಕವಲೊಡೆದು, ಒಂದೊಂದು ಕವಲೂ ಒಂದೊಂದು ಮಿತಿಯನ್ನು ಹಿಡಿದು ನಿಲ್ಲುವುದಕ್ಕೆ ಆ ದೇಶದಲ್ಲಿ "ಮಿಸಿಸಿಪ್ಪಿಯ ಕ್ರಿಸ್‌ಮಸ್ ಮರ" ಎಂದು ಹಾಸ್ಯದ ಹೆಸರು. 2018ರ ಶಾಸನದಲ್ಲಿ ಹಣಕ್ಕೆ ಅರ್ಹವಾದ ಕುಟುಂಬದೊಳಗೆ ಸೋದರಸಂಬಂಧಿಗಳನ್ನೂ ಒಡಹುಟ್ಟಿದವರ ಮಕ್ಕಳನ್ನೂ ಸೇರಿಸಿದುದರಿಂದ ಮರಕ್ಕೆ ಇನ್ನಷ್ಟು ಕೊಂಬೆಗಳಾದುವು.

ಕೌಂಟಿಯ ಕಮಿಟಿ ಇಂದಿಗೂ ಇದೆ. ಮೂರರಿಂದ ಹನ್ನೊಂದು ಮಂದಿ ಮೆಂಬರುಗಳು. ಮೂರು ವರ್ಷದ ಅವಧಿ. ಅಂಚೆಯ ಮೂಲಕ ಮತದಾನ. ಈಗ ಒಕ್ಕಲಿಗೂ ಮತವುಂಟು. ಆದರೂ ಈ ಕಮಿಟಿಗಳ ಹಳೆಯ ದೋಷ ಸುಲಭವಾಗಿ ಹೋಗಲಿಲ್ಲ. ಕರಿಯ ರೈತರಿಗೆ ಸಾಲವನ್ನೂ ಸಹಾಯವನ್ನೂ ತಡಮಾಡಿದರು, ಇಲ್ಲವೆಂದರು ಎಂದು 1997ರಲ್ಲಿ ಕೃಷಿ ಇಲಾಖೆಯ ಮೇಲೆ ಹೂಡಿದ ಪಿಗ್‌ಫರ್ಡ್ ದಾವೆಯು 1999ರಲ್ಲಿ ರಾಜಿಯಾಯಿತು. ಹೊತ್ತು ಮೀರಿ ಅರ್ಜಿ ಹಾಕಿದವರಿಗಾಗಿ 2010ರಲ್ಲಿ ಇನ್ನೂ 125 ಕೋಟಿ ಡಾಲರನ್ನು ಒಪ್ಪಿಕೊಳ್ಳಬೇಕಾಯಿತು. ಟೈರೊನ್ಜಾದಲ್ಲಿ ಮಿಚೆಲ್ ಮತ್ತು ಈಸ್ಟ್ ಅಂಗಡಿಯಿಟ್ಟಿದ್ದ ಕಟ್ಟಡವು 2006ರಿಂದ ಒಕ್ಕಲು ಸಂಘದ ನೆನಪಿನ ವಸ್ತುಸಂಗ್ರಹಾಲಯವಾಗಿದೆ.

ಈ ದೂರದ ಕೌಂಟಿಯ ವಿಚಾರ ನಮಗೇಕೆಂದು ಕೇಳುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿಯೂ 2019ರಿಂದ ಕೇಂದ್ರ ಸರ್ಕಾರವು ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ನೇರವಾಗಿ ಬ್ಯಾಂಕಿಗೆ ಕಳುಹಿಸುವ ಯೋಜನೆ ಬಂದಿದೆ. ನಡುವೆ ಒಡೆಯನ ಕೈಯಿಲ್ಲ, ಅಂಗಡಿಯ ಪುಸ್ತಕವಿಲ್ಲ. 1934ರ ಪಾಯಿನ್‌ಸೆಟ್ಟಿಗಿಂತ ಇದು ಎಷ್ಟೋ ಮೇಲು. ಆದರೆ ಇಲ್ಲಿ ರೈತ ಕುಟುಂಬವೆಂದರೆ ದಾಖಲೆಯಲ್ಲಿ ಯಾರ ಹೆಸರಿನಲ್ಲಿ ಜಮೀನಿದೆಯೋ ಆ ಕುಟುಂಬ. ತೆಲಂಗಾಣವು 2018ರಲ್ಲಿ ಎಕರೆಯ ಲೆಕ್ಕದಲ್ಲಿ ಹಣ ಕೊಡಲಾರಂಭಿಸಿದಾಗಲೂ ಗೇಣಿಯವನನ್ನು ಹೊರಗಿಟ್ಟಿತು. ಕರ್ನಾಟಕದಲ್ಲಿ ತೊಡಕು ಇನ್ನೂ ಸೂಕ್ಷ್ಮ. 1974ರ ಭೂಸುಧಾರಣೆಯು ಉಳುವವನನ್ನೇ ಒಡೆಯನನ್ನಾಗಿ ಮಾಡಿ, ಕೆಲವು ವಿನಾಯಿತಿಗಳ ಹೊರತು ಗೇಣಿಯನ್ನೇ ನಿಷೇಧಿಸಿತು. ಅದರಿಂದ ಲಕ್ಷಾಂತರ ಒಕ್ಕಲುಗಳು ಭೂಮಿ ಪಡೆದರು. ಆ ಬಳಿಕ ಪಟ್ಟಣ ಸೇರಿದವರ, ಮುದುಕರ, ಗಂಡು ದಿಕ್ಕಿಲ್ಲದವರ ಹೊಲಗಳನ್ನು ಬಾಯಿಮಾತಿನ ಮೇಲೆ ವಾರಕ್ಕೋ ಗುತ್ತಿಗೆಗೋ ಮಾಡುವವರು ಮತ್ತೆ ಹುಟ್ಟಿಕೊಂಡಿದ್ದಾರೆ. ಪಹಣಿಯಲ್ಲಿ ಸಾಗುವಳಿದಾರನ ಹೆಸರಿಗೆಂದೇ ಒಂದು ಅಂಕಣವುಂಟು. ಬಾಯಿಮಾತಿನ ಒಕ್ಕಲಿನ ಹೆಸರು ಅಲ್ಲಿ ಸಾಮಾನ್ಯವಾಗಿ ಏರುವುದಿಲ್ಲ. ಏರಿದರೆ ಹೊಲ ಕೈಬಿಟ್ಟೀತೆಂದು ಒಡೆಯನಿಗೆ ಭಯ, ಏರಿಸೆಂದು ಕೇಳಿದರೆ ಬರುವ ವರ್ಷ ಹೊಲ ಸಿಕ್ಕದೆಂದು ಒಕ್ಕಲಿಗೆ ಭಯ.